ಯಾರ ಕೈಯ ರೊಟ್ಟಿ

ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದಾಗ ನನಗೆ ಎಸ್ಸೆಸ್ಸೆಲ್ಸಿ ಪಾಸಾದ ಹೆಮ್ಮೆ ಇತ್ತು. ರೊಟ್ಟಿ ಬಡಿಯಲು ಮಾತ್ರ ಬರುತ್ತಿರಲಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನನ್ನ ತವರು ಇಂಡಿ ತಾಲ್ಲೂಕಿನಲ್ಲಿ, ಹಲಸಂಗಿಯ ಹತ್ತಿರದ ಒಂದು ಸಣ್ಣ ಊರು. ನಾನು ಎಂಟು ವರ್ಷದವಳಿದ್ದಾಗಲೇ ಅವ್ವ ತೀರಿಕೊಂಡಳು. ಅಪ್ಪ ನನ್ನನ್ನು ಓದಿಸಬೇಕೆಂಬ ಹಟಕ್ಕೆ ಬಿದ್ದು ವಿಜಾಪುರದ ಹಾಸ್ಟೆಲ್ಲಿನಲ್ಲಿ ಬಿಟ್ಟ. ಅಲ್ಲಿ ತಾಟಿಗೆ ಬಿದ್ದದ್ದನ್ನು ಉಂಡು ಬೆಳೆದವಳು ನಾನು. ಒಲೆಯ ಮುಂದೆ ಕೂತು ಕಲಿಯುವ ವಯಸ್ಸಿನಲ್ಲಿ ಪುಸ್ತಕದ ಮುಂದೆ ಕೂತಿದ್ದೆ.

ಗಂಡ ಸಿಂದಗಿಯಲ್ಲಿ ಹೈಸ್ಕೂಲು ಮಾಸ್ತರರು. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ನಸುಕಿಗೆ ಹೋಗುತ್ತಿದ್ದರು. ಮಾವ ದಿನವಿಡೀ ಹೊಲದಲ್ಲಿ. ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ, ಹದಿನೆಂಟರ ನಾದಿನಿ ಮತ್ತು ನಾನು.

ಅತ್ತೆ ಎತ್ತರದ ಆಳು. ಹಣೆಯ ತುಂಬ ವಿಭೂತಿ, ಇಳಕಲ್ ಸೀರೆಯ ಸೆರಗು ತಲೆಯಿಂದ ಜಾರಿದ್ದನ್ನು ನಾನು ಕಂಡಿಲ್ಲ. ಅವರ ರೊಟ್ಟಿ ಓಣಿಗೆಲ್ಲ ಗೊತ್ತು. ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣಬೇಕು, ಅಷ್ಟು ತೆಳು. ನಾನು ಮೊದಲ ದಿನ ಮಾಡಿದ ರೊಟ್ಟಿಯನ್ನು ಅವರು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡಿದರು.

"ಇದು ರೊಟ್ಟಿ ಅಲ್ಲವ್ವಾ, ನಕಾಶ. ಇಲ್ಲಿ ಇಂಡಿ ಐತಿ, ಇಲ್ಲಿ ಸಿಂದಗಿ ಐತಿ. ಈ ಅಂಚಿಗೆ ಹರದದ್ದು ಭೀಮಾ ಹೊಳಿ ಏನು?"

ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಈಗ ನನಗೂ ನಗು ಬರುತ್ತದೆ. ಆವತ್ತು ಹಿತ್ತಲಿಗೆ ಹೋಗಿ ಅತ್ತಿದ್ದೆ.

ಕಲಿಸಲಿಲ್ಲ ಅಂತಲ್ಲ, ಕಲಿಸಿದರು. ಆದರೆ ಅವರು ಪಕ್ಕದಲ್ಲಿ ಕೂತರೆ ಹಿಟ್ಟು ಬಿರಿಯುತ್ತಿತ್ತು, ಹಂಚಿಗೆ ಹಾಕುವಾಗ ಮಡಚಿಕೊಳ್ಳುತ್ತಿತ್ತು. ಅವರು ಒಂದೊಂದು ತಪ್ಪಿಗೂ ಒಂದು ಮಾತು ಎಸೆದು, ಕೊನೆಗೆ ನನ್ನನ್ನು ಸರಿಸಿ ತಾವೇ ಬಡಿಯಲು ಕೂಡುತ್ತಿದ್ದರು.

ನಮ್ಮ ಮನೆಯ ಬಲಗಡೆಗೆ ಮೊದಲು ಖಾಲಿ ಜಾಗವಿತ್ತು. ಸುಗ್ಗಿಯಲ್ಲಿ ಓಣಿಯವರೆಲ್ಲ ಅಲ್ಲಿ ಕಣ ಮಾಡಿ ರಾಶಿ ಮಾಡುತ್ತಿದ್ದರಂತೆ. ನಾನು ಬಂದ ವರ್ಷ ಅದನ್ನು ತುಂಡುತುಂಡಾಗಿ ಮಾರಿದರು. ಕಚೇರಿಯವರಿಗೆ ಬಾಡಿಗೆಗೆ ಕೊಡಲೆಂದು ಎರಡು ಮನೆ ಎದ್ದವು. ನಮ್ಮ ಗೋಡೆಗೆ ತಾಗಿದ ತುಂಡಿನಲ್ಲಿ ತಾಳಿಕೋಟೆ ಕಡೆಯ ಕುರಿಗಾರರ ಸಂಸಾರವೊಂದು ಎರಡಂಕಣದ ಮನೆ ಕಟ್ಟಿತು. ಗಂಡ ಕುರಿ ಹೊಡೆದುಕೊಂಡು ಹೊಳೆಸಾಲಿಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಹೆಂಡತಿಗೆ ಮೂವತ್ತರ ಆಸುಪಾಸು. ದೊಡ್ಡ ದನಿ, ದೊಡ್ಡ ನಗು. ನಾನು ಆಕೆಯನ್ನು ತಾಳಿಕೋಟೆ ಅಕ್ಕ ಎಂದು ಕರೆಯತೊಡಗಿದೆ.

ಅತ್ತೆ ಆ ಮನೆಗೆ ಹೋಗುತ್ತಿರಲಿಲ್ಲ. ಅದು ಮಾಂಸ ಮಾಡುವ ಮನೆ, ನಾವು ಲಿಂಗ ಕಟ್ಟಿದವರು. ಎದುರು ಸಿಕ್ಕರೆ ಮಾತು, ಹಬ್ಬಕ್ಕೆ ಎಲೆ ಅಡಿಕೆ, ಅಷ್ಟಕ್ಕೆ ನಿಂತಿತ್ತು. ಆದರೆ ಆ ಮನೆಯಿಂದ ಬೆಳಗಿನ ಹೊತ್ತು ರೊಟ್ಟಿ ಬಡಿಯುವ ಸಪ್ಪಳ ಬಂದಾಗ ಅತ್ತೆ ಕೈಯಲ್ಲಿನ ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಒಮ್ಮೆ ತಮ್ಮಷ್ಟಕ್ಕೇ ಅಂದರು: "ಕೈ ಚಲೋ ಐತಿ ಆಕೀದು."

ಅತ್ತೆಯ ಬಾಯಲ್ಲಿ ಇನ್ನೊಬ್ಬರ ಕೈಗೆ ಹೊಗಳಿಕೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಒಂದು ದಿನ ಅತ್ತೆ ನಾದಿನಿಯ ಜೊತೆ ಸಂತೆಗೆ ಹೋಗಿದ್ದರು. ನಾನೊಬ್ಬಳೇ ಹಿತ್ತಲ ಒಲೆಯಲ್ಲಿ ರೊಟ್ಟಿ ಮಾಡುತ್ತ, ಮೂರನೆಯದೂ ಹರಿದಾಗ ಹಿಟ್ಟಿನ ಮುದ್ದೆಯನ್ನು ನಾದುವ ಪರಾತಕ್ಕೆ ಎಸೆದೆ. ಗೋಡೆಯ ಮೇಲೆ ಒಂದು ಮುಖ ಕಾಣಿಸಿತು.

"ತಂಗಿ, ನೀ ರೊಟ್ಟಿ ಬಡ್ಯಾಕತ್ತಿಲ್ಲ. ಹೆದರಾಕತ್ತಿ."

"ನನ್ನ ಕೈಯಾಗ ಇಲ್ಲಕ್ಕ ಅದು."

"ಕೈಯಾಗ ಯಾರಿಗೂ ಇರೂದಿಲ್ಲ. ಮೊದಲ ಎಸರು ನೋಡು. ನೀರು ಕುದ್ದಿಲ್ಲ, ಹಿಟ್ಟು ಹಾಕೀ ನೀ. ಅದು ಹೆಂಗ ಕೂಡ್ತೈತಿ?"

ಆಕೆ ಗೋಡೆ ಸುತ್ತಿಕೊಂಡು ಹಿತ್ತಲ ಬಾಗಿಲಿಂದ ಬಂದಳು. ನನ್ನ ಪರಾತವನ್ನು ಮುಟ್ಟಲಿಲ್ಲ. ಮುಟ್ಟಿದರೆ ನನಗೆ ಕಷ್ಟವಾದೀತೆಂದು ಆಕೆಗೆ ಗೊತ್ತಿತ್ತು. ಒಂದು ಮಾರು ದೂರ ಕುಕ್ಕರಗಾಲಲ್ಲಿ ಕೂತು ಬರೀ ಮಾತಿನಲ್ಲಿ ಕಲಿಸಿದಳು. ಅಂಗೈಯ ಬುಡದಿಂದ ನಾದು. ಮುಂಗೈ ಅಲ್ಲ, ಹೆಗಲಿನ ಭಾರ ಬಿಡು. ರೊಟ್ಟಿ ತಾನೇ ತಿರುಗಬೇಕು, ನೀನು ತಿರುಗಿಸಬೇಡ. ಆ ದಿನದ ಐದನೆಯ ರೊಟ್ಟಿ ಹಂಚಿನ ಮೇಲೆ ಹರಿಯದೆ ಕೂತಿತು. ಕೆಂಡದ ಮುಂದೆ ನಿಲ್ಲಿಸಿದಾಗ ಉಬ್ಬಿತು. ನನ್ನ ಕಣ್ಣಲ್ಲಿ ನೀರು ಬಂತು. ಆಕೆ ಚಪ್ಪಾಳೆ ತಟ್ಟಿದಳು.

ಆಮೇಲೆ ಅತ್ತೆ ಹೊರಗೆ ಹೋದಾಗಲೆಲ್ಲ ಪಾಠ ನಡೆಯಿತು. ಬದಲಿಗೆ ಏನು ಕೊಡಲಿ ಎಂದು ಕೇಳಿದ್ದಕ್ಕೆ ಆಕೆ ಸ್ವಲ್ಪ ನಾಚಿಕೊಂಡು ಹೇಳಿದಳು: "ಬಸ್ಸಿನ ಬೋರ್ಡು ಓದೂದು ಕಲಸ್ತಿ ಏನು?" ತವರಿಗೆಂದು ಹೊರಟು ನಾಲತವಾಡದ ಬಸ್ಸು ಹತ್ತಿ, ಇಡೀ ದಿನ ಕಳೆದು ಹಸಿದುಕೊಂಡು ತಿರುಗಿ ಬಂದಿದ್ದಳಂತೆ. ಕೇಳಿದರೆ ಜನ ನಗುತ್ತಾರೆಂದು ಯಾರನ್ನೂ ಕೇಳಿರಲಿಲ್ಲ. ನಾನು ಒಲೆಯ ಇದ್ದಿಲಿನಿಂದ ಬಂಡೆಗಲ್ಲಿನ ಮೇಲೆ ಬರೆದು ಕಲಿಸಿದೆ. 'ತಾ', 'ಳಿ', 'ಕೋ', 'ಟಿ'. ಎರಡು ತಿಂಗಳಾದ ಮೇಲೆ ಆಕೆ ಮತ್ತೆ ತವರಿಗೆ ಹೊರಟಾಗ ಸ್ಟ್ಯಾಂಡಿನವರೆಗೆ ಜೊತೆಗೆ ಹೋಗಿದ್ದೆ. ನಿಂತ ನಾಲ್ಕು ಬಸ್ಸುಗಳ ಬೋರ್ಡನ್ನು ಬೆರಳಿಟ್ಟು ಓದಿದಳು. ತನ್ನ ಬಸ್ಸು ಸಿಕ್ಕ ಕೂಡಲೇ ಪಕ್ಕದಲ್ಲಿದ್ದ ಧೋತರದ ಹಿರಿಯರೊಬ್ಬರಿಗೆ, ಅವರು ಕೇಳದೆಯೇ, "ಇದು ತಾಳಿಕೋಟಿ ಬಸ್ ನೋಡ್ರಿ ಯಜಮಾನ್ರ, ಹತ್ತರಿ" ಎಂದಳು. ನನಗೆ ಪರೀಕ್ಷೆ ಪಾಸಾದಾಗಲೂ ಅಷ್ಟು ಎದೆ ಉಬ್ಬಿರಲಿಲ್ಲ.

ಗುಟ್ಟು ಬಹಳ ದಿನ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ನಾನು ಬಡಿಯುತ್ತಿದ್ದೆ. ಅತ್ತೆ ಪಡಸಾಲೆಯಲ್ಲಿ ಕೂತು ಕಡ್ಲಿಬೇಳೆ ಆರಿಸುತ್ತಿದ್ದರು. ಕೈ ನಿಲ್ಲಿಸಿ ಒಳಗೆ ಬಂದರು.

"ಈ ಬಡತ ನಂದಲ್ಲ."

ನಾನು ಬಡಿಯುವುದನ್ನು ನಿಲ್ಲಿಸಿದೆ.

"ನಂದು ಎರಡು ಹೊಡತ, ಒಂದು ತಿರುವು. ಇದು ಮೂರು ಹೊಡತದ್ದು. ಬಾಜೂ ಮನಿಯಾಕಿ ಕಲಿಸ್ಯಾಳ, ಹೌದಿಲ್ಲೋ?"

"ಹೌದ್ರಿ ಅತ್ತಿ."

ಅವರು ಸೆರಗು ಸರಿಮಾಡಿಕೊಂಡು ಹೊರಗೆ ನಡೆದರು. ಜಗಳವೇ ಆಯಿತೆಂದು ನಾನು ಹಿಟ್ಟಿನ ಕೈಯಲ್ಲೇ ಹಿಂದೆ ಓಡಿದೆ. ಅತ್ತೆ ಪಕ್ಕದ ಮನೆಯ ಹೊಸ್ತಿಲ ಮುಂದೆ ನಿಂತಿದ್ದರು. ಆ ಮನೆ ಎದ್ದಾಗಿನಿಂದ ಅವರು ಅಲ್ಲಿ ಹೋಗಿ ನಿಂತದ್ದು ಅದೇ ಮೊದಲು. ತಾಳಿಕೋಟೆ ಅಕ್ಕ ಬೆದರಿ ಎದ್ದು ನಿಂತಳು.

"ನಾ ವರ್ಷದಿಂದ ಕಲಿಸಿದೆ, ಬರಲಿಲ್ಲ ಆಕಿಗೆ. ನೀ ಹೆಂಗ ಕಲಿಸಿದಿ?"

"ಏನಿಲ್ರಿ ಅವ್ವಾರ. ಬಾಜೂಕ ಸುಮ್ಮ ಕುಂತೆ, ಅಷ್ಟ."

"ನಾನೂ ಕುಂತಿದ್ದೆನಲ್ಲ."

"ನೀವು ಕುಂತಿದ್ರಿ ಖರೆ. ಆದ್ರ ಸುಮ್ಮ ಕುಂತಿದ್ದಿಲ್ರಿ."

ಅತ್ತೆಗೆ ಎದುರು ಮಾತಾಡಿದವರು ಮಾವ ಒಬ್ಬರೇ, ಅದೂ ವರ್ಷಕ್ಕೊಮ್ಮೆ. ಅತ್ತೆ ಆಕೆಯನ್ನೇ ನೋಡಿದರು. ಆಮೇಲೆ ಹೊಸ್ತಿಲು ದಾಟಿ ಒಳಗೆ ಹೋಗಿ, ಹಾಸಿದ ಕಂಬಳಿಯ ಮೇಲೆ ಕೂತರು. "ಆ ಮೂರನೇ ಹೊಡತ ಯಾಕ? ತೋರಸು ನನಗ" ಎಂದರು. ಇಬ್ಬರೂ ಮಧ್ಯಾಹ್ನದವರೆಗೆ ರೊಟ್ಟಿಯ ಮಾತಾಡಿದರು. ಹೊಸದಾಗಿ ಬಂದ ಹೈಬ್ರೀಡ್ ಜೋಳದ ಹಿಟ್ಟು ಯಾಕೆ ಕೂಡುವುದಿಲ್ಲ, ಗಿರಣಿಯಲ್ಲಿ ಹಿಟ್ಟು ಬಿಸಿಯಾಗಿ ರುಚಿ ಹೇಗೆ ಕೆಡುತ್ತದೆ, ಇವೇ. ಈ ಒಂದು ವಿಷಯದಲ್ಲಿ ಅತ್ತೆಗೆ ಸರಿಸಮ ಜೋಡಿ ಓಣಿಯಲ್ಲಿ ಸಿಕ್ಕಿರಲಿಲ್ಲ ಅಂತ ಕಾಣುತ್ತದೆ.

ಆ ವರ್ಷವೇ ನಾದಿನಿಯನ್ನು ನೋಡಲು ಬಸವನ ಬಾಗೇವಾಡಿಯಿಂದ ಬೀಗರು ಬರುವವರಿದ್ದರು. ಎಂಟು ಮಂದಿ ಎಂದು ಹೇಳಿ ಕಳಿಸಿದ್ದರು. ಬಸ್ಸಿನಿಂದ ಇಪ್ಪತ್ತೆರಡು ಮಂದಿ ಇಳಿದರು. ಮಾವ ಬಾಗಿಲಲ್ಲಿ ಕೈಕಾಲು ತೊಳೆಯಲು ನೀರು ಕೊಡುತ್ತ ಒಳಗೆ ನೋಡಿದ ನೋಟ ಇನ್ನೂ ನೆನಪಿದೆ. ಅತ್ತೆ ಗಾಬರಿಯಾಗಲಿಲ್ಲ. ಹಿತ್ತಲಿಗೆ ಬಂದು ಗೋಡೆಯ ಮೇಲಿಂದ ಕೂಗಿದರು: "ಏ, ನಿನ್ನ ಹಂಚು ತಗೊಂಡು ಬಾ!"

ಎರಡು ಒಲೆ ಹೂಡಿದೆವು. ನಾನು ಬಡಿದೆ, ತಾಳಿಕೋಟೆ ಅಕ್ಕ ನನ್ನ ಎದುರಿಗೆ ಕೂತು ಬಡಿದಳು, ನಾದಿನಿ ಹೊಸ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಸುಟ್ಟಳು. ಅತ್ತೆ ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ನೋಡಿಕೊಂಡರು. ಮೂರನೆಯ ಸಲ ಹಿಟ್ಟು ನಾದುವ ಹೊತ್ತಿಗೆ ನಮ್ಮಿಬ್ಬರ ಸಪ್ಪಳ ಒಂದಾಗಿ ಹೋಗಿತ್ತು. ಹೊರಗೆ ಪಂಕ್ತಿ ಕೂತಿತು. ಬಿಸಿ ರೊಟ್ಟಿ ಹೋದಂತೆಲ್ಲ ಹೊಗಳಿಕೆ ಒಳಗೆ ಬರುತ್ತಿತ್ತು.

ಗಂಡಿನ ದೊಡ್ಡಪ್ಪ ಅಂದರೆ ಆ ಮನೆಯ ಹಿರಿಯ. ಅವರು ರೊಟ್ಟಿ ಮುರಿಯುತ್ತ ಕೇಳಿದರು: "ಯಾರ ಕೈಯಿನ ರೊಟ್ಟಿರಿ ಇವು? ನಮ್ಮ ಅವ್ವನ ಕಾಲಕ್ಕ ತಿಂದಿದ್ದೆ ಇಂಥವು."

ಅತ್ತೆ "ನನ್ನ ಸೊಸೀದು" ಎಂದು ಹೇಳಿ ಮುಗಿಸಬಹುದಿತ್ತು. ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಅವರು ಒಳಗೆ ತಿರುಗಿ, "ಇಬ್ರೂ ಹೊರಗ ಬರ್ರಿ ಇಲ್ಲೆ" ಎಂದರು. ನಾವು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತೆವು.

"ಈಕಿ ನಮ್ಮ ಸೊಸಿ. ಮೆಟ್ರಿಕ್ ಕಲ್ತಾಳ. ಈಕಿ ಬಾಜೂ ಮನಿಯಾಕಿ, ಕುರಿಗಾರರ ಮನಿತನದಾಕಿ. ನಮ್ಮ ಸೊಸಿಗೆ ರೊಟ್ಟಿ ಕಲಿಸಿದ ಗುರು. ನೀವು ಉಣ್ಣಾಕತ್ತಿದ್ದು ಇಬ್ರ ಕೈಯಿಂದು."

ದೊಡ್ಡಪ್ಪ ಕೈಯಲ್ಲಿದ್ದ ತುಣುಕನ್ನು ತಾಟಿಗೆ ಇಟ್ಟರು.

"ಲಿಂಗವಂತರ ಮನ್ಯಾಗ ಹಿಂಗೇನ್ರಿ?"

ತಾಳಿಕೋಟೆ ಅಕ್ಕ ಹಿಂದೆ ಸರಿಯಲು ಹೋದಳು. ಅತ್ತೆ ಆಕೆಯ ಮುಂಗೈ ಹಿಡಿದು ನಿಲ್ಲಿಸಿದರು. ದನಿ ಎತ್ತರಿಸಲೂ ಇಲ್ಲ.

"ನೀವು ಬಸವನ ಬಾಗೇವಾಡಿಯವ್ರರಿ. ಎಲ್ರೂ ಒಂದ ಅನ್ನೂ ಮಾತು ನೀವು ನಮಗ ಕಲಿಸಬೇಕು. ನಾವು ನಿಮಗ ಕಲಿಸೂದಲ್ಲ."

ದೊಡ್ಡಪ್ಪ ಎದ್ದು ಕೈತೊಳೆದು ಹೊರಗಿನ ಕಟ್ಟೆಗೆ ಹೋಗಿ ಕೂತರು. ಇನ್ನಿಬ್ಬರು ಹಿಂದೆ ಹೋದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಹೆಂಗಸರ ಸಾಲಿನಿಂದ, ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಗಂಡಿನ ತಾಯಿ ಮಾತಾಡಿದರು: "ನನಗ ಇನ್ನೊಂದು ರೊಟ್ಟಿ ಹಾಕ್ರಿ. ಬಿಸೇದು."

ಅದನ್ನು ತಂದು ಹಾಕಿದ್ದು ತಾಳಿಕೋಟೆ ಅಕ್ಕನೇ.

ಸಂಜೆ ಬೀಗರು ಏನೂ ಹೇಳದೆ ಹೋದರು. ಮಾವ ಎರಡು ದಿನ ಅತ್ತೆಯ ಜೊತೆ ಮಾತಾಡಲಿಲ್ಲ. "ಮಗಳ ಬಾಳ್ವೆ ಮುಂದ ಇಟಗೊಂಡು ಇದು ಬೇಕಿತ್ತೇನು?" ಎಂದು ಒಮ್ಮೆ ಮಾತ್ರ ಕೇಳಿದರು. ಅತ್ತೆಗೂ ಅಂಜಿಕೆ ಇತ್ತೆಂದು ನನಗೆ ತಿಳಿದದ್ದು ಅವರು ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ. ಅವರ ಕೈ ತಪ್ಪಿದ್ದನ್ನು ಅದಕ್ಕೆ ಮೊದಲೂ ಆಮೇಲೂ ನಾನು ಕಂಡಿಲ್ಲ. ತಾಳಿಕೋಟೆ ಅಕ್ಕನಂತೂ ತನ್ನಿಂದ ಸಂಬಂಧ ಮುರಿಯಿತೆಂದು ಮುಖ ತೋರಿಸಲಿಲ್ಲ. ನಾದಿನಿಯೇ ಗೋಡೆಯ ಹತ್ತಿರ ಹೋಗಿ ಕೂಗಿ ಹೇಳಿದಳು: "ಅಕ್ಕಾ, ರೊಟ್ಟಿ ಸಲುವಾಗಿ ನನ್ನ ಬ್ಯಾಡ ಅನ್ನೋರ ಮನಿಗೆ ನಾನೂ ಹೋಗೂದಿಲ್ಲ. ನೀ ಬಾ ಈ ಕಡೆ."

ಮೂರು ವಾರಕ್ಕೆ ಗಂಡಿನ ತಾಯಿ ತಾವೇ ಬಂದರು, ಮಗನನ್ನು ಕರೆದುಕೊಂಡು. ಮನೆಯ ಹಿರಿಯರನ್ನು ಒಪ್ಪಿಸಲು ಅಷ್ಟು ದಿನ ಹಿಡಿಯಿತೆಂದು ಮುಚ್ಚುಮರೆಯಿಲ್ಲದೆ ಹೇಳಿದರು. "ದೊಡ್ಡವರು ಒಪ್ಪಿಲ್ರಿ. ಆದ್ರ ಅಡ್ಡ ಬರೂದಿಲ್ಲ ಅಂದಾರ. ನನ್ನ ಮಗಗ ಹುಡುಗಿ ಮನಸಿಗೆ ಬಂದಾಳ. ನನಗ ಹುಡುಗಿ ತಾಯಿ ಮನಸಿಗೆ ಬಂದಾಳ." ಅತ್ತೆ ಅವರ ಉಡಿ ತುಂಬಿದರು.

ಮದುವೆ ನಮ್ಮ ಅಂಗಳದಲ್ಲೇ ಆಯಿತು. ರೊಟ್ಟಿಗೆ ಏಳು ಒಲೆ. ಓಣಿಯ ಹಳೆಯ ಮನೆಗಳವರು, ಹೊಸ ಬಾಡಿಗೆ ಮನೆಗಳ ಕಚೇರಿಯವರ ಹೆಂಡಂದಿರು, ತಾಳಿಕೋಟೆ ಅಕ್ಕ, ಆಕೆಯ ಇಬ್ಬರು ಅಕ್ಕತಂಗಿಯರು, ಎಲ್ಲರೂ ಕೂತರು. ಒಂದಿಬ್ಬರು ಮುಖ ಗಂಟಿಕ್ಕಿ ದೂರದ ಒಲೆ ಹಿಡಿದದ್ದೂ ಸುಳ್ಳಲ್ಲ. ಮೈಸೂರು ಕಡೆಯ ಒಬ್ಬ ಸಾಹೇಬರ ಹೆಂಡತಿ ಅನ್ನ ಬಿಟ್ಟು ಬೇರೇನೂ ಅರಿಯದವಳು. ಅತ್ತೆ ಆಕೆಯನ್ನು ನನ್ನ ಪಕ್ಕಕ್ಕೆ ತಂದು ಕೂರಿಸಿ, "ಇವರಿಗೆ ನೀ ಕಲಸು. ನಾ ದೂರ ಇರ್ತೇನಿ, ನನ್ನ ಮುಂದ ಯಾರಿಗೂ ಬರೂದಿಲ್ಲ" ಎಂದು ನಗುತ್ತ ಎದ್ದು ಹೋದರು. ಅವರು ತಮ್ಮ ಮೇಲೆ ತಾವೇ ಹಾಸ್ಯ ಮಾಡಿಕೊಂಡಿದ್ದನ್ನು ಕೇಳಿ ನಾನು ಬಡಿಯುತ್ತಿದ್ದ ರೊಟ್ಟಿಯನ್ನೇ ಮರೆತೆ.

ಗಂಡಿನ ದೊಡ್ಡಪ್ಪ ಅಕ್ಷತೆ ಹಾಕಿ ಊಟಕ್ಕೆ ನಿಲ್ಲದೆ ಹೋದರು. ಆಮೇಲೆ ಅವರು ಬದುಕಿರುವತನಕ ನಮ್ಮ ಮನೆಯಲ್ಲಿ ಉಣ್ಣಲಿಲ್ಲ. ಆದರೆ ನಾದಿನಿ ಬಾಗೇವಾಡಿಗೆ ಹೊರಟಾಗಲೆಲ್ಲ ಅತ್ತೆ ಒಣಗಿಸಿದ ಕಟಕ ರೊಟ್ಟಿಯ ಒಂದು ಗಂಟನ್ನು ಅವರ ಪಾಲಿನದೆಂದು ಬೇರೆಯೇ ಕಟ್ಟಿ ಕೊಡುತ್ತಿದ್ದರು. ಅದರಲ್ಲಿ ಮೂವರು ಹೆಂಗಸರ ಕೈಯೂ ಇರಬೇಕೆಂದು ನನ್ನಿಂದ, ತಾಳಿಕೋಟೆ ಅಕ್ಕನಿಂದ ಒಂದೊಂದು ಮಾಡಿಸುತ್ತಿದ್ದರು. ಗಂಟು ಕಟ್ಟಿದ ಅರಿವೆ ಮಾತ್ರ ಒಗೆದು ಮಡಚಿ ತಿರುಗಿ ಬರುತ್ತಿತ್ತು.

"ತಿಂತಾರೇನು ಅವರು?" ಎಂದು ನಾನೊಮ್ಮೆ ನಾದಿನಿಯನ್ನು ಕೇಳಿದೆ.

"ಯಾರ ಮುಂದೂ ತಿಂದಿಲ್ಲ" ಎಂದಳು ಆಕೆ. "ಆದ್ರ ಗಂಟು ತಮ್ಮ ಖೋಲ್ಯಾಗ ಇಟಗೊಂತಾರ. ಯಾರಿಗೂ ಕೊಡೂದಿಲ್ಲ."

ಅದನ್ನು ಅತ್ತೆಗೆ ಹೇಳಿದೆ. ಅವರು ಮುಂದಿನ ಸಲದ ಗಂಟಿಗೆ ಎರಡು ರೊಟ್ಟಿ ಹೆಚ್ಚಿಗೆ ಇಟ್ಟು, ಜೊತೆಗೆ ಒಂದು ಸಣ್ಣ ಡಬ್ಬಿಯಲ್ಲಿ ಅಗಸಿ ಹಿಂಡಿಯನ್ನೂ ತುಂಬಿದರು.