ಬಾರದ ಮುಟ್ಟಿಗೆ ಬಗೆಬಗೆಯ ಪುಡಿ

ಸ್ಕ್ಯಾನಿಂಗ್ ರಿಪೋರ್ಟ್ ಓದಿ ಮುಗಿಸಿದ ಡಾಕ್ಟರಮ್ಮ ಚೀಟಿಯ ಹಿಂಬದಿಯಲ್ಲಿ ಒಂದು ಅಂಡಾಶಯ ಬರೆದು, ಅದರ ಅಂಚಿನುದ್ದಕ್ಕೂ ಸಣ್ಣ ಸಣ್ಣ ಸೊನ್ನೆ ಸುತ್ತಿದರು.

"ಪಿಸಿಓಎಸ್ ಅಂತಾರೆ. ಈಗ ತುಂಬಾ ಹುಡುಗೀರಿಗಿದೆ. ಪೂರ್ತಿ ವಾಸಿಯಾಗೋದು ಅಂತಿಲ್ಲ, ಹಿಡಿತದಲ್ಲಿ ಇಟ್ಕೊಳ್ಳಬಹುದು. ಗಾಬರಿ ಆಗಬೇಡಿ."

ನನ್ನ ಪಕ್ಕದಲ್ಲಿ ಕೂತಿದ್ದ ಅಮ್ಮನಿಗೆ ಕೇಳಿಸಿದ್ದು 'ವಾಸಿಯಾಗೋದು ಅಂತಿಲ್ಲ' ಎನ್ನುವುದಷ್ಟೇ. ಮುಟ್ಟು ಸರಿಹೋಗಲು ಮಾತ್ರೆ, ರಕ್ತದಲ್ಲಿ ವಿಟಮಿನ್ ಡಿ ಕಮ್ಮಿಯಿದ್ದುದರಿಂದ ಅದಕ್ಕೊಂದು ಮಾತ್ರೆ, ದಿನಾ ನಡಿಗೆ, ಅನ್ನ ಕಮ್ಮಿ, ಇವೆಲ್ಲ ಹೇಳುವಷ್ಟರಲ್ಲಿ ಅಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ನಾನು ಅಲ್ಲೇ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನಮ್ಮಲ್ಲಿ ಮುಟ್ಟಾದವರನ್ನು ದೂರ ಕೂರಿಸುವ ಪದ್ಧತಿಯಿಲ್ಲ. ಕೊರಳಲ್ಲಿ ಲಿಂಗವಿರುವವರಿಗೆ ಆ ಸೂತಕವಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ಒಳ್ಳೆಯ ಪದ್ಧತಿಯೇ. ಆದರೆ ಇದರಿಂದಾಗಿ ನನಗೆ ತಿಂಗಳುಗಟ್ಟಲೆ ಮುಟ್ಟೇ ಆಗಿಲ್ಲ ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಬೀರು ಒರೆಸುವಾಗ ಒಡೆಯದೇ ಉಳಿದಿದ್ದ ಪ್ಯಾಡಿನ ಪೊಟ್ಟಣ ಅಮ್ಮನ ಕಣ್ಣಿಗೆ ಬಿದ್ದ ಮೇಲೆಯೇ ನಾವು ಡಾಕ್ಟರ ಹತ್ತಿರ ಹೋದದ್ದು.

ಮನೆಗೆ ಬಂದವಳೇ ಅಮ್ಮ ಮಾತ್ರೆಗಳನ್ನು ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಹಬ್ಬಕ್ಕೆ ಮಾತ್ರ ಇಳಿಸುವ ಪಾತ್ರೆಗಳ ಹಿಂದೆ ಇಟ್ಟಳು.

"ಇವನ್ನ ಒಂದ್ಸಲ ಶುರು ಮಾಡಿದ್ರೆ ಜೀವ್ನ ಪೂರ್ತಿ ನುಂಗ್ತಾ ಇರ್ಬೇಕು. ನ್ಯಾಚುರಲ್ಲಾಗೇ ಸರಿ ಮಾಡ್ಕೊಳ್ಳೋಣ ಕಣೇ. ಸೈಡ್ ಎಫೆಕ್ಟೂ ಇರಲ್ಲ."

ನನಗೂ ಮಾತ್ರೆ ನುಂಗುವ ಆಸೆಯೇನಿರಲಿಲ್ಲ. ಹೂಂ ಅಂದೆ.

ಅಲ್ಲಿಂದ ಶುರುವಾಯಿತು. ಬೆಳಗೆದ್ದರೆ ನೆನೆಸಿದ ಮೆಂತ್ಯದ ನೀರು. ಅದು ಗಂಟಲಲ್ಲಿರುವಾಗಲೇ ಚಕ್ಕೆ ಕುದಿಸಿದ ನೀರು. ಮಧ್ಯಾಹ್ನದ ಡಬ್ಬಿಯಲ್ಲಿ ಮುದ್ದೆಯ ಜೊತೆ ಅಗಸೆಬೀಜದ ಚಟ್ನಿಪುಡಿ. ಸಂಜೆ ಲೋಳೆಸರದ ರಸ. ಅದನ್ನು ಕುಡಿಯುವುದೆಂದರೆ ಬಸವನಹುಳುವನ್ನು ಹಸಿಯಾಗಿ ನುಂಗಿದಂತೆ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುವ ಹಿಂದಿ ಟೀಚರ್ ಗೊತ್ತಿದ್ದವರ ಕೈಯಲ್ಲಿ ಹೇಳಿಸಿ ಒಂದು ಡಬ್ಬ ತರಿಸಿಕೊಟ್ಟರು. ಶತಾವರಿ, ಜಿಂಕು, ಹತ್ತಾರು ವಿಟಮಿನ್ನು ಸೇರಿದ ಪುಡಿ. ಅದು ಮುಗಿಯುವ ಮುಂಚೆ ಅಮ್ಮ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಮೀನಿನೆಣ್ಣೆಯ ಗುಳಿಗೆ ತರಿಸಿದಳು. ಮನೆಯಲ್ಲಿ ಯಾರೂ ಮೊಟ್ಟೆ ಕೂಡ ಮುಟ್ಟಿದವರಲ್ಲ. ಅದರಲ್ಲಿರುವುದು ಮೀನಿನೆಣ್ಣೆ ಎಂದು ನಾನು ಹೇಳಿದ ಮೇಲೆ ಕಿಟಾರನೆ ಕಿರುಚಿ ಅದನ್ನು ತಿಪ್ಪೆಗೆಸೆದು, ಬೇರೆ ಯಾವುದೋ ಬೀಜದ ಎಣ್ಣೆ ತಂದಳು.

ಒಂದೊಂದೂ ಹೊಸದಾಗಿ ಬಂದಾಗ ನನಗೆ ನಂಬಿಕೆ ಬರುತ್ತಿತ್ತು. ಈ ಸಲ ಆಗುತ್ತದೆ ಎಂದು ಬೆನ್ನುನೋವನ್ನೂ ಹೊಟ್ಟೆಯುಬ್ಬರವನ್ನೂ ಮುಟ್ಟಿನ ಮುನ್ಸೂಚನೆಯೆಂದು ಭಾವಿಸಿ, ಬ್ಯಾಗಿನಲ್ಲಿ ಪ್ಯಾಡಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದೆ. ಏನೂ ಆಗುತ್ತಿರಲಿಲ್ಲ. ತೂಕದ ಮುಳ್ಳು ಕದಲಲಿಲ್ಲ. ಗದ್ದದ ಕೆಳಗಿನ ಕೂದಲು ಮಾತ್ರ ಯಾವ ವಿಟಮಿನ್ನನ್ನೂ ವ್ಯರ್ಥ ಮಾಡದೆ ಹುಲುಸಾಗಿ ಬೆಳೆಯಿತು. ಬೋರ್ಡಿನ ಕಡೆ ತಿರುಗಿದಾಗಲೂ ಕೈ ಗದ್ದಕ್ಕೆ ಹೋಗುವ ಅಭ್ಯಾಸ ಆಗಲೇ ಅಂಟಿಕೊಂಡದ್ದು.

ಹೀಗಿರುವಾಗ ಮಾದಿಹಳ್ಳಿಯಿಂದ ಅತ್ತೆ ಬಂದರು. ಅತ್ತೆ ಎಂದರೆ ಅಪ್ಪನ ಅಕ್ಕ. ಅವರ ಮಾತನ್ನು ನಮ್ಮ ಮನೆಯಲ್ಲಿ ಯಾರೂ ತೆಗೆದುಹಾಕುವುದಿಲ್ಲ.

"ಅದಕ್ಯಾಕವ್ವ ಡಾಕ್ಟ್ರು? ಅರೇಹಳ್ಳಿ ಕಡೆ ಒಬ್ರು ಪಂಡಿತ್ರು ಅವ್ರೆ. ನಾಡಿ ಹಿಡುದ್ರೆ ಸಾಕು, ಒಳಗೇನೈತೆ ಅಂತ ಹೇಳ್ಬುಡ್ತಾರೆ. ನಮ್ಮೂರ ಹೆಣ್ಣುಮಗ್ಳೊಬ್ಳಿಗೆ ಮಕ್ಳೇ ಇರ್ಲಿಲ್ಲ, ಈಗ ಅವಳಿ ಜವಳಿ."

"ನನಗೆ ಈಗ ಮಕ್ಕಳು ಬೇಕಾಗಿಲ್ಲ ಅತ್ತೆ, ಮುಟ್ಟು ಆದ್ರೆ ಸಾಕು," ಅಂದೆ.

"ಎಲ್ಡೂ ಒಂದೇಯ," ಎಂದರು ಅತ್ತೆ.

ಭಾನುವಾರ ಅಮ್ಮ ಮತ್ತು ನಾನು ಜಾವಗಲ್ ಮೇಲಿನ ಬಸ್ಸು ಹತ್ತಿದೆವು. ಊರಿಗೆ ಮರಳಿದ್ದ ಅತ್ತೆ ಹಳೇಬೀಡಿನಲ್ಲಿ ಸೇರಿಕೊಂಡರು. ಬೇಲೂರಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದು, ಪಂಡಿತರ ಮನೆ ತಲುಪುವಷ್ಟರಲ್ಲಿ ನನ್ನ ತಲೆ ಸಿಡಿಯುತ್ತಿತ್ತು. ಜಗಲಿಯಲ್ಲಿ ಹೆಂಗಸರೇ ತುಂಬಿದ್ದರು. ಬಹುಪಾಲು ನನ್ನ ವಯಸ್ಸಿನವರು. ಪಕ್ಕದಲ್ಲೊಬ್ಬ ತಾಯಿ ಅಥವಾ ಅತ್ತೆ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಪಂಡಿತರು ನನ್ನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದರು. "ಉಷ್ಣ ಒಳಗೇ ಕಟ್ಟಿಕೊಂಡಿದೆ ತಾಯಿ. ಪುಡಿ ಕೊಡ್ತೀನಿ, ಹಾಲಲ್ಲಿ ತಗೊಳ್ಳಿ. ಇಂಗ್ಲಿಷ್ ಔಷಧಿ ಮುಟ್ಟಬೇಡಿ."

"ಪುಡಿಯಲ್ಲಿ ಏನೇನಿದೆ ಸರ್?"

ಅಮ್ಮ ನನ್ನ ತೊಡೆ ಚಿವುಟಿದಳು. ಪಂಡಿತರು ನಕ್ಕರು. "ತಾತನ ಕಾಲದ್ದು. ಹೆಸರು ಹೇಳಿದ್ರೆ ಗುಣ ಹೋಗುತ್ತೆ."

ದಿನಾ ಮಕ್ಕಳಿಗೆ 'ಪ್ರಶ್ನೆ ಕೇಳಿ, ಕಾರಣ ಹುಡುಕಿ' ಎಂದು ಪಾಠ ಹೇಳುವವಳು ನಾನು. ಕಾಗದದ ಪೊಟ್ಟಣವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಬಂದೆ.

ಆ ಪುಡಿ ಬೇವಿಗಿಂತ ಕಹಿ. ಕುಡಿದರೆ ಹೊಟ್ಟೆ ತೊಳಸುತ್ತಿತ್ತು. ತೊಳಸುತ್ತಿದೆ ಎಂದರೆ ಅತ್ತೆ ಫೋನಿನಲ್ಲಿ, "ಕೆಲ್ಸ ಮಾಡ್ತಾ ಐತೆ ಅಂತ ಅದರರ್ಥ," ಎನ್ನುತ್ತಿದ್ದರು. ಕೆಲವು ವಾರಗಳ ಮೇಲೆ ನಿಜಕ್ಕೂ ಮುಟ್ಟಾಯಿತು. ಅಮ್ಮ ಪಾಯಸ ಮಾಡಿದಳು. ಮದುವೆಯಾದ ಮಗಳು ಬಸುರಿಯಾದರೆ ಮಾಡುವ ಸಂಭ್ರಮವನ್ನು ನನ್ನ ಮುಟ್ಟಿಗೆ ಮಾಡಿದಳು.

ಮುಟ್ಟು ನಿಲ್ಲಲಿಲ್ಲ. ವಾರ ಕಳೆಯಿತು, ಮತ್ತೊಂದು ವಾರವೂ ಕಳೆಯಿತು. "ಕೆಟ್ಟ ರಕ್ತ ಹೋಗ್ಲಿ ಬಿಡು," ಎಂದರು ಅತ್ತೆ. ಒಂದು ಮಧ್ಯಾಹ್ನ ಒಂಬತ್ತನೇ ತರಗತಿಯಲ್ಲಿ ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆಯುತ್ತಿದ್ದವಳು ಹಾಗೇ ಕುಸಿದೆ. ಎಚ್ಚರವಾದಾಗ ಹಿಂದಿ ಟೀಚರ್ ತಮ್ಮ ದುಪಟ್ಟಾವನ್ನು ನನ್ನ ಸೊಂಟಕ್ಕೆ ಸುತ್ತುತ್ತಿದ್ದರು. ಮಕ್ಕಳನ್ನು ಹೊರಗೆ ಕಳಿಸಿದ್ದರು. ಆ ಮಕ್ಕಳು ಏನು ನೋಡಿದರೋ ಎಂಬುದೇ ನನಗೆ ಮೊದಲು ಹೊಳೆದ ಯೋಚನೆ. ಜೀವ ಉಳಿದದ್ದು ಆಮೇಲೆ.

ಆಟೋದಲ್ಲಿ ಹಾಕಿಕೊಂಡು ಅದೇ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ರಕ್ತ ನಿಲ್ಲಿಸಲು ಔಷಧಿ ಕೊಟ್ಟು, ಡ್ರಿಪ್ ಹಾಕಿಸಿ, ಅವರು ಸುದ್ದಿ ತಿಳಿದು ಓಡಿಬಂದಿದ್ದ ಅಮ್ಮನಿಗೆ ಹೇಳಿದರು: "ಮನೇಲಿ ಇವರು ಏನೇನು ತಗೊಳ್ತಾರೋ ಎಲ್ಲ ತಂದು ತೋರಿಸಿ."

ಅಮ್ಮ ಒಂದು ಕೈಚೀಲ ತುಂಬ ತಂದು ಮೇಜಿನ ಮೇಲೆ ಸುರಿದಳು. ಡಾಕ್ಟರಮ್ಮ ಬೈಯಲಿಲ್ಲ. ಒಂದೊಂದನ್ನೇ ಎತ್ತಿ ಓದಿದರು.

"ಮೆಂತ್ಯ, ಅಗಸೆ ತಿನ್ನಿ, ಊಟ ಅಂತ ತಿನ್ನಿ. ವಿಟಮಿನ್ ಡಿ ಇವರಿಗೆ ಬೇಕಿತ್ತು, ಅದನ್ನ ನಾನೇ ಬರೆದಿದ್ದೆ. ಆದರೆ ಈ ಡಬ್ಬದಲ್ಲೂ ಇದೆ, ಇದರಲ್ಲೂ ಇದೆ. ಲೆಕ್ಕ ಯಾರು ಇಡೋದು? ಹೆಚ್ಚಾದ್ರೂ ತೊಂದರೆ. ಈ ಪೊಟ್ಟಣದಲ್ಲಿ ಏನಿದೆ?"

"ತಾತನ ಕಾಲದ್ದು," ಅಂದಳು ಅಮ್ಮ, ಮೆಲ್ಲಗೆ.

"ಅದರಿಂದಲೇ ಹೀಗಾಯ್ತಾ ಡಾಕ್ಟ್ರೇ?" ಎಂದು ನಾನು ಕೇಳಿದೆ. ಹೌದು ಎನ್ನಲಿ ಎಂದು ಮನಸ್ಸು ಬೇಡುತ್ತಿತ್ತು. ಯಾರ ಮೇಲಾದರೂ ಕೂಗಾಡಬಹುದಿತ್ತು.

"ಹೇಳಕ್ಕಾಗಲ್ಲ. ತಿಂಗಳುಗಟ್ಟಲೆ ಮುಟ್ಟಾಗದೆ ಇದ್ದು ಆಮೇಲೆ ಆದಾಗ ತಾನಾಗೇ ಹೀಗೆ ಹೋಗೋದೂ ಉಂಟು. ಏನಿದೆ ಅಂತ ಗೊತ್ತಿಲ್ಲದ್ದನ್ನ ಮಾತ್ರ ತಗೋಬೇಡಿ."

ಅಷ್ಟೇ. ಆ ಸಿಟ್ಟನ್ನು ಇಡಲು ನನಗೆ ಜಾಗವೇ ಸಿಗಲಿಲ್ಲ.

ಹಲಗೆಯ ಮೇಲಿನ ಮಾತ್ರೆಗಳನ್ನು ಇಳಿಸಿಕೊಂಡೆ. ಪುಡಿ ನಿಲ್ಲಿಸಿದೆ ಎಂದು ಅಮ್ಮನಿಗೆ ಹೇಳಿದೆ, ಅವಳೂ ತಲೆಯಾಡಿಸಿದಳು. ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ರಾಗಿ ಅಂಬಲಿ ಬಾಯಿಗಿಟ್ಟರೆ ನಾಲಿಗೆಯ ಬುಡದಲ್ಲಿ ಅದೇ ಕಹಿ. ಮಜ್ಜಿಗೆ, ಉಪ್ಪು, ಹಸಿಮೆಣಸಿನಕಾಯಿ ಎಲ್ಲವನ್ನೂ ದಾಟಿಕೊಂಡು ಬಂದಿತ್ತು.

ಲೋಟ ಕುಕ್ಕಿದೆ. "ಅಮ್ಮ, ಇದಕ್ಕೆ ಏನು ಹಾಕಿದೀಯ?"

"ಏನೂ ಇಲ್ವಲ್ಲ."

"ನೀನು ಕುಡಿ, ನೋಡೋಣ."

ಅಮ್ಮ ಲೋಟ ಮುಟ್ಟಲಿಲ್ಲ. "ಒಂಚೂರು ಕಣೇ. ಚಿಟಿಕೆಯಷ್ಟು."

ನಾನು ಬಾಯಿಗೆ ಬಂದಂತೆ ಕೂಗಿದೆ. ನನ್ನನ್ನು ಸಾಯಿಸ್ತೀಯಾ ಎಂದೆ. ಮದುವೆ ಮಾಡಿ ಸಾಗಹಾಕಲು ಇಷ್ಟೊಂದು ಆತುರವಾ ಎಂದೆ. ಪಡಸಾಲೆಯಲ್ಲಿದ್ದ ಅಪ್ಪ ಟೀವಿಯ ಸದ್ದು ಹೆಚ್ಚು ಮಾಡಿಕೊಂಡರು. ಅಮ್ಮ ಒಲೆಯ ಕಟ್ಟೆಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

"ನಂಗೂ ಹಿಂಗೇ ಇತ್ತು," ಎಂದಳು ಆಮೇಲೆ. "ಆಗ ಇದಕ್ಕೆ ಹೆಸ್ರಿರ್ಲಿಲ್ಲ. ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಮದ್ವೆಯಾಗಿ ಎಷ್ಟೋ ವರ್ಷ ಮಕ್ಳಾಗ್ಲಿಲ್ಲ. ನಿನ್ನಜ್ಜಿ ಬಂದೋರ ಮುಂದೆಲ್ಲ, ನಮ್ಮ ಸೊಸೆದು ಗಂಡಸಿನ ಮೈ ಅಂತಿದ್ರು. ನಿನ್ನ ಗದ್ದ ಇದ್ಯಲ್ಲ, ಅದು ನಂದೇ. ನಾನು ಎಲ್ರಿಗಿಂತ ಮುಂಚೆ ಎದ್ದು, ಬಚ್ಚಲಲ್ಲಿ ನಿಮ್ಮಪ್ಪನ ಬ್ಲೇಡಲ್ಲಿ ತೆಗೀತಿದ್ದೆ. ಈಗ್ಲೂ ತೆಗೀತೀನಿ."

ಅವಳ ಗದ್ದವನ್ನೇ ನೋಡಿದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅಮ್ಮನ ಮುಖವನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ.

"ಕಣಕಟ್ಟೆ ಹತ್ರ ಒಬ್ಬಜ್ಜಿ ಕಷಾಯ ಕೊಟ್ರು," ಅಮ್ಮ ಮುಂದುವರಿಸಿದಳು. "ಅದನ್ನ ಕುಡಿದ ವರ್ಷವೇ ನೀನು ಹುಟ್ಟಿದ್ದು. ಪುಡಿ ಬಿಡು ಅಂದ್ರೆ ಹೆಂಗೆ ಬಿಡ್ಲಿ ಹೇಳು?"

ಇದಕ್ಕೆ ನನ್ನ ವಿಜ್ಞಾನದಲ್ಲಿ ಉತ್ತರವಿತ್ತು. ಕಷಾಯ ಕುಡಿಯದಿದ್ದರೂ ನಾನು ಹುಟ್ಟುತ್ತಿದ್ದೆನೇನೋ ಎನ್ನಬಹುದಿತ್ತು. ಆದರೆ ಅವಳ ಪಾಲಿಗೆ ಪುರಾವೆಯಾಗಿ ನಾನೇ ಅಲ್ಲಿ ನಿಂತಿದ್ದೆ. ಅಂಬಲಿಯನ್ನು ಬಚ್ಚಲಿಗೆ ಚೆಲ್ಲಿ, ಉಳಿದ ಪುಡಿಯನ್ನು ಅಮ್ಮನ ಕೈಯಿಂದಲೇ ಇಸಿದುಕೊಂಡು ಅದನ್ನೂ ಚೆಲ್ಲಿದೆ. ಅವಳು ಬೇಡವೆನ್ನಲಿಲ್ಲ.

ಮುಂದಿನ ಸಲ ಡಾಕ್ಟರಮ್ಮನ ಹತ್ತಿರ ಹೋದಾಗ ಅಮ್ಮನ ರಕ್ತವನ್ನೂ ಪರೀಕ್ಷೆ ಮಾಡಿಸಿದೆ. ಸಕ್ಕರೆ ಏರಿತ್ತು. ಈ ತೊಂದರೆ ಇರುವವರಿಗೆ ವಯಸ್ಸಾದ ಮೇಲೆ ಹಾಗಾಗುವುದುಂಟಂತೆ. ಈಗ ಬೆಳಿಗ್ಗೆ ಇಬ್ಬರೂ ಕೆರೆಯ ಕಡೆ ನಡೆಯಲು ಹೋಗುತ್ತೇವೆ. ಅಮ್ಮ ನಿಧಾನ, ಸಿಕ್ಕವರನ್ನೆಲ್ಲ ಮಾತಾಡಿಸುತ್ತಾಳೆ. ನನಗೆ ರೇಗುತ್ತದೆ.

ಮುಟ್ಟು ಈಗ ಸುಮಾರಾಗಿ ಬರುತ್ತಿದೆ, ಕೆಲವು ಸಲ ತಡವಾಗಿ. ಮಾತ್ರೆ ನುಂಗಿದರೂ ಹೊಟ್ಟೆ ತೊಳಸುತ್ತದೆ. ತೂಕ ಸ್ವಲ್ಪ ಇಳಿದಿದೆ, ಗದ್ದ ಹಾಗೇ ಇದೆ. ಇಷ್ಟು ಕಷ್ಟಪಟ್ಟು ಸಿಕ್ಕಿದ್ದು ಇಷ್ಟೇನಾ ಎಂದು ಅನ್ನಿಸದ ದಿನವಿಲ್ಲ.

ಹೋದ ತಿಂಗಳು ತಿಪಟೂರಿನಿಂದ ಹೆಣ್ಣು ನೋಡಲು ಬಂದಿದ್ದರು. ಕೇಳಿದರೆ ಥೈರಾಯ್ಡ್ ಅಂತ ಹೇಳಿದರಾಯಿತು ಎಂದು ಅಪ್ಪ ಮೊದಲೇ ಅಮ್ಮನಿಗೆ ಹೇಳಿಕೊಟ್ಟಿದ್ದರು. ಹುಡುಗನ ತಾಯಿ ಕಾಫಿ ಕುಡಿಯುತ್ತ ನನ್ನ ಗದ್ದವನ್ನೇ ನೋಡಿ, "ಆರೋಗ್ಯವೆಲ್ಲ ಚೆನ್ನಾಗಿದ್ಯಲ್ಲ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮನೇ ಉತ್ತರಿಸಿದಳು.

"ಅವ್ಳಿಗೆ ಪಿಸಿಓಎಸ್ ಇದೆ. ಮಾತ್ರೆ ತಗೋತಾಳೆ. ನಂಗೂ ಇತ್ತು. ಆದ್ರೂ ಇವ್ಳನ್ನ ಹೆತ್ತೆ."

ಅವರು ಊರಿಗೆ ಹೋಗಿ ಫೋನ್ ಮಾಡುತ್ತೇವೆ ಎಂದರು. ಮಾಡಲಿಲ್ಲ. ಅಪ್ಪ ಒಂದೆರಡು ದಿನ ನಮ್ಮಿಬ್ಬರೊಂದಿಗೂ ಮಾತಾಡಲಿಲ್ಲ. ಅಮ್ಮ ಮಿಕ್ಕಿದ್ದ ಉಪ್ಪಿಟ್ಟು ಬಿಸಿ ಮಾಡಿ ತಂದು ನನ್ನ ಪಕ್ಕ ಕೂತು, "ಹೋದ್ರೆ ಹೋಗ್ಲಿ ಬಿಡು," ಎಂದಳು. ಅವಳ ಕಣ್ಣು ತುಂಬಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂದಿತ್ತು. ಇಬ್ಬರೂ ತಿಂದೆವು.