ಹಾಲಸಿದ್ದ ಸುಣ್ಣ ಬಳಿದ ಗೋಡೆ

ಚಿಕ್ಕೋಡಿಯಿಂದ ಕಬ್ಬೂರಿಗೆ ಹೋಗುವ ರಸ್ತೆಯಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೊಂದಿತ್ತು. ಅಲ್ಲಿನ ಸಿಪಾಯಿ ಹಾಲಸಿದ್ದನಿಗೆ ಹೆದರದವರು ಆ ಆವರಣದಲ್ಲಿ ಇಬ್ಬರೇ: ಒಬ್ಬರು ನಿರ್ದೇಶಕರು, ಇನ್ನೊಬ್ಬಳು ಅವನ ಹೆಂಡತಿ ಸಾವಿತ್ರೆವ್ವ. ನಿರ್ದೇಶಕರೂ ಬಾಯಲ್ಲಿ ಎಲೆಯಡಿಕೆ ಇದ್ದಾಗ ಅವನ ಎದುರಿಗೆ ಬರುತ್ತಿರಲಿಲ್ಲ.

ಇದಕ್ಕೆಲ್ಲ ಕಾರಣ ಅವನ ಕಣ್ಣು. ಕಬ್ಬೂರಿನ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವನು. ಹೆಜ್ಜೆಗುರುತು ನೋಡಿಯೇ ಯಾವ ಕುರಿ ಕುಂಟುತ್ತಿದೆ, ಯಾವುದು ಗಬ್ಬವಾಗಿದೆ ಎಂದು ಹೇಳುತ್ತಿದ್ದ. ನೌಕರಿಗೆ ಬಂದ ಮೇಲೆ ಕುರಿಗಳು ಸಿಗಲಿಲ್ಲ, ಪ್ರಾಧ್ಯಾಪಕರು ಸಿಕ್ಕರು. ವಾಚನಾಲಯದ ಎದುರಿನ ಉದ್ದನೆಯ ಗೋಡೆಯ ಮೇಲೆ ತಂಬಾಕಿನ ಉಗುಳು ಕಂಡರೆ ಸಾಕು. ಉಗುಳಿದವನು ನಿಂತಿದ್ದನೋ, ಬೈಕಿನ ಮೇಲೆ ಕುಳಿತಿದ್ದನೋ, ಎಡಗಡೆಯ ಹಲ್ಲು ಬಿದ್ದಿದೆಯೋ ಎಂದು ಅಂದಾಜು ಮಾಡಿ ನೆಟ್ಟಗೆ ಅವನ ಮುಂದೆ ಹೋಗಿ ನಿಲ್ಲುತ್ತಿದ್ದ. ಹೆಸರನ್ನು ಮಾತ್ರ ಯಾರ ಮುಂದೆಯೂ ಹೇಳುತ್ತಿರಲಿಲ್ಲ. ಅಷ್ಟು ಮರ್ಯಾದಸ್ಥ.

ಆದರೆ ಆ ಗೋಡೆಯ ನಟ್ಟನಡುವೆ ರೊಟ್ಟಿಯಗಲದ ಒಂದು ಕಲೆ ಇತ್ತು. ಅದು ಯಾರದೆಂದು ಕೇಳಿದರೆ ಹಾಲಸಿದ್ದನಿಗೆ ಕೆಮ್ಮು ಬರುತ್ತಿತ್ತು. ಅದು ಅವನದೇ. ೧೯೯೯ರಲ್ಲಿ ನೌಕರಿ ಕಾಯಂ ಆದ ಆದೇಶ ಕೈಗೆ ಬಂದ ದಿನ ಬಾಯಲ್ಲಿ ನಿಪ್ಪಾಣಿಯ ಜರ್ದಾ, ಎದೆಯಲ್ಲಿ ಹಿಡಿಸಲಾರದ ಖುಷಿ. ಎರಡನ್ನೂ ಒಟ್ಟಿಗೇ ಹೊರಗೆ ಹಾಕಿಬಿಟ್ಟಿದ್ದ. ಮರುವಾರ ಸಾವಿತ್ರೆವ್ವನಿಗೂ ಅಲ್ಲೇ ಕಸ ಗುಡಿಸುವ ಕೆಲಸ ಸಿಕ್ಕಿತು. ಅವಳಿಗೆ ಮೊದಲು ಹಚ್ಚಿದ ಕೆಲಸವೇ ಆ ಕಲೆ ತಿಕ್ಕುವುದು. ತಿಕ್ಕಿದಳು, ಹೋಗಲಿಲ್ಲ. ಅಂದಿನಿಂದ ತಿಕ್ಕುವುದೂ ನಿಲ್ಲಲಿಲ್ಲ, ಬೈಯುವುದೂ ನಿಲ್ಲಲಿಲ್ಲ.

“ಇದನ್ನ ಉಗುಳಿದಾಂವನ ಬಾಯಾಗ ಮಣ್ಣ ಬೀಳ್ಲಿ. ಅವನ ಹೇಂತಿ ಏನ್ ಕರ್ಮಾ ಮಾಡಿದ್ಲೋ ಏನೋ, ಇಂಥಾಂವ ಗಂಟ ಬಿದ್ದಾನ.”

“ಹೌದ ಹೌದ,” ಎನ್ನುತ್ತ ಹಾಲಸಿದ್ದ ನೀರು ಸುರಿಯುತ್ತಿದ್ದ. ಮೊದಲ ದಿನವೇ ಹೇಳಿದ್ದರೆ ಒಂದು ಜಗಳದಲ್ಲಿ ಮುಗಿಯುತ್ತಿತ್ತು. ಈಗ ಗೊತ್ತಾದರೆ ಹತ್ತೊಂಬತ್ತು ವರ್ಷದ ಜಗಳ ಒಮ್ಮೆಲೇ ಬಂದು ಮೈಮೇಲೆ ಬೀಳುತ್ತದೆ. ಈ ಒಂದು ಗುಟ್ಟು ಉಳಿಸಿಕೊಂಡು ನಿವೃತ್ತಿಯಾದರೆ ಸಾಕು ಎಂದು ಅವನು ದಿನ ಎಣಿಸುತ್ತಿದ್ದ.

೨೦೧೮ರಲ್ಲಿ ಅಥಣಿಯ ನೀಲಮ ಎಂಬ ಹುಡುಗಿ ಅತಿಥಿ ಉಪನ್ಯಾಸಕಿಯಾಗಿ ಬಂದಳು. ಕಂಪ್ಯೂಟರ್ ಕಲಿಸುವವಳು. ಅಲ್ಲಿ ಕನ್ನಡ ವಿಭಾಗದ ಹುಡುಗರು ಬೇವಿನ ಮರದ ಕೆಳಗೆ, ಮರಾಠಿ ವಿಭಾಗದವರು ಸೈಕಲ್ ಸ್ಟ್ಯಾಂಡಿನ ಕೆಳಗೆ. ಮನೆಯಲ್ಲಿ ಎಲ್ಲರೂ ಎರಡೂ ಭಾಷೆ ಮಾತಾಡುವವರೇ. ಗೇಟಿನೊಳಗೆ ಬಂದ ಕೂಡಲೇ ಒಂದೊಂದು ಮರೆತುಬಿಡುತ್ತಿದ್ದರು. ಇವರನ್ನು ಒಂದುಗೂಡಿಸಬೇಕೆಂದು ನೀಲಮ ಹಟ ಹಿಡಿದಳು.

“ಎರಡೂ ಕಡೆಯವ್ರು ಕೂಡಿ ಮಾಡಿದ್ದು ಈ ಕ್ಯಾಂಪಸ್‌ನ್ಯಾಗ ಇದೊಂದ ಕೆಲಸ ಐತ್ರಿ ಸರ್,” ಎಂದು ನಿರ್ದೇಶಕರಿಗೆ ಆ ಗೋಡೆಯನ್ನೇ ತೋರಿಸಿದಳು.

ಅವಳೂ ವಿದ್ಯಾರ್ಥಿಗಳೂ ಸೇರಿ ಒಂದು ಆ್ಯಪ್ ಮಾಡಿದರು. ಮೊಬೈಲನ್ನು ಗೋಡೆಗೆ ಹಿಡಿದರೆ ಅದು ಕಲೆಗಳ ಗುರುತು ಹಿಡಿಯುತ್ತದೆ, ಪರದೆಯ ಮೇಲೆ ಮುತ್ತುಗದ ಮರವೊಂದು ಎದ್ದು ನಿಲ್ಲುತ್ತದೆ, ಕಲೆಗೊಂದರಂತೆ ಹೂ ಅರಳುತ್ತದೆ. ಒಂದು ಮೊಬೈಲಿಗೆ ಬರಿಯ ಬೊಡ್ಡೆ. ಎರಡೂ ವಿಭಾಗದ ಹತ್ತು ಮೊಬೈಲು ಒಟ್ಟಿಗೆ ಹಿಡಿದರೆ ಮಾತ್ರ ಹೂ. ಅದೂ ಮೊದಲು ತೆಗೆದಿಟ್ಟ ಫೋಟೊದ ಒಂದು ಕಲೆಯೂ ಗೋಡೆಯ ಮೇಲೆ ತಪ್ಪಬಾರದು. ಸೋಮವಾರ ಹನ್ನೊಂದಕ್ಕೆ ವಿಶ್ವವಿದ್ಯಾಲಯದಿಂದ ದೊಡ್ಡವರು ಬಂದು ಉದ್ಘಾಟಿಸುವುದು ನಿಶ್ಚಯವಾಯಿತು.

ಈ ವಿವರವನ್ನು ಹಾಲಸಿದ್ದನಿಗೆ ಹೇಳಬೇಕೆಂದು ಓದಿದವರ ಪೈಕಿ ಒಬ್ಬರಿಗೂ ಹೊಳೆಯಲಿಲ್ಲ. ಅವನ ಕಿವಿಗೆ ಬಿದ್ದದ್ದು ಇಷ್ಟು: ಸೋಮವಾರ ದೊಡ್ಡವರು ಬರುತ್ತಾರೆ, ಆ ಗೋಡೆಯ ಮೇಲೆ ಚಿತ್ರ ಬರುತ್ತದೆ. ಚಿತ್ರಕ್ಕೆ ಮೊದಲು ಗೋಡೆಗೆ ಸುಣ್ಣ ಆಗಬೇಕೆಂಬುದು ಕಬ್ಬೂರಿನಲ್ಲಿ ಕೂಸಿಗೂ ಗೊತ್ತು. ರವಿವಾರ ಹಾಸ್ಟೆಲಿನಲ್ಲಿ ಉಳಿದ ಸುಣ್ಣ ತಂದು, ಗೋಡೆ ಕೆರೆದು, ಮೂರು ಸಲ ಬಳಿದ. ನಡುವಿನ ಕಲೆಗೆ ಮಾತ್ರ ಐದು ಸಲ. ಸಾವಿತ್ರೆವ್ವ “ಪೀಡಾ ಹೋತು” ಎಂದಾಗ ಅವನೂ ಮನಸಾರೆ “ಹೋತು” ಎಂದ.

ಸೋಮವಾರ ಏಳಕ್ಕೆ ಬಂದ ನೀಲಮ ಗೋಡೆ ನೋಡಿ ಮೆಟ್ಟಿಲ ಮೇಲೆ ಕುಸಿದಳು.

“ಕಾಕಾ, ಆ ಕಲೆಗೋಳ ನಮ್ಮ ಚಿತ್ರ ಆಗಿದ್ವು.”

ಅವಳು ಅಳುತ್ತಲೇ ಎಲ್ಲ ತಿಳಿಸಿ ಹೇಳಿದ ಮೇಲೆ ಹಾಲಸಿದ್ದ ಸುಣ್ಣ ಹತ್ತಿದ ಕೈಗಳನ್ನು ಬೆನ್ನ ಹಿಂದೆ ಸರಿಸಿದ. ತನ್ನ ಸುಣ್ಣಕ್ಕೆ ಒಂದು ಹೆಣ್ಣುಮಗು ಅತ್ತದ್ದನ್ನು ಅವನು ಈವರೆಗೆ ನೋಡಿರಲಿಲ್ಲ.

ಗೋಡೆಯ ಹಳೆಯ ಫೋಟೊ ಇತ್ತು. ಅದನ್ನು ಬ್ಯಾನರ್ ಮಾಡಿಸಲು ಹುಡುಗರು ಚಿಕ್ಕೋಡಿಗೆ ಓಡಿದರು. ಅಂಗಡಿಯವನು, ಇದು ಯಾವ ಸಾಹೇಬರ ಹುಟ್ಟುಹಬ್ಬ, ಮೂಲೆಯಲ್ಲಿ ಯಾರ ಮೋರೆ ಹಾಕಲಿ ಎಂದು ಮೂರು ಸಲ ಕೇಳಿದನಂತೆ. ತಂದು ಕಟ್ಟಿದರೆ ಬಿಸಿಲಿಗೆ ಥಳಥಳ ಹೊಳೆದು, ಮೊಬೈಲಿಗೆ ಸೂರ್ಯನ ಹೊರತು ಏನೂ ಕಾಣಲಿಲ್ಲ. ಬ್ರಶ್ಶಿನಿಂದ ಬಣ್ಣ ಹಚ್ಚಿದರು. ಅದನ್ನೂ ಮೊಬೈಲು ಒಪ್ಪಲಿಲ್ಲ.

ಹಾಲಸಿದ್ದ ಫೋಟೊವನ್ನೂ ಗೋಡೆಯನ್ನೂ ನೋಡಿದ. “ಉಗುಳ ಹಿಂಗ ಬೀಳೂದಿಲ್ಲವ್ವಾ. ಇದಕ್ಕ ಉಗುಳಿದವ್ರ ಬೇಕು. ಕರೀತೇನಿ ತಡಿ.”

ಮೊದಲು ಕ್ಯಾಂಟೀನಿನ ಬಾಳಾಸಾಬ ಬಂದ. ಅವನದು ಕೆಳಗಿನ ಸಾಲು. ಕುಕ್ಕರುಗಾಲಲ್ಲಿ ಕುಳಿತು ಉಗುಳುವವನು. ಆಮೇಲೆ ಮರಾಠಿಯ ಪ್ರಾಧ್ಯಾಪಕ ರಾಜಾರಾಮ. “ಮೀ? ಕಧೀಚ ನಾಹೀ,” ಎಂದು ಅವರು ಮರಾಠಿಯಲ್ಲಿ ಕಡ್ಡಿ ಮುರಿದಂತೆ ನಿರಾಕರಿಸಿದರು.

“ಸರ್, ಸ್ಕೂಟರ್ ಚಾಲೂ ಇಟ್ಟ, ಬಲಕ್ಕ ವಾಲಿ ಉಗುಳಿದ್ದು. ಹನ್ನೊಂದನೇ ಕಂಬದ ಹಂತ್ಯಾಕ. ಸ್ಕೂಟರ್ ತರ್ರಿ,” ಎಂದ ಹಾಲಸಿದ್ದ. ತಂದರು.

ಸುದ್ದಿ ಹಬ್ಬಿ ಬೇವಿನ ಮರ, ಸೈಕಲ್ ಸ್ಟ್ಯಾಂಡು ಎರಡೂ ಖಾಲಿಯಾದವು. ಕನ್ನಡದವನು ಉಗುಳಿದರೆ ಮರಾಠಿಯವನು “ಇನ್ನ ಸ್ವಲ್ಪ ಮ್ಯಾಲ” ಎಂದು ತಿದ್ದಿದ. ಒಂದೇ ಡಬ್ಬಿಯ ಜರ್ದಾ ಎರಡೂ ಕಡೆ ತಿರುಗಿತು. ವಿಭಾಗಗಳು ಹೀಗೆ ಕೂಡಿದ್ದನ್ನು ನೋಡಿ ನೀಲಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹತ್ತೂವರೆಯ ಹೊತ್ತಿಗೆ ಎಲ್ಲ ಆಯಿತು, ನಡುವಿನದೊಂದು ಬಿಟ್ಟು.

“ಕಾಕಾ, ಇದ ಯಾರದು?”

ಹಾಲಸಿದ್ದ ಕೆಮ್ಮಿದ. ಬಕೆಟ್ ಹಿಡಿದ ಸಾವಿತ್ರೆವ್ವ ಮುಂದೆ ಬಂದಳು. “ಹೆಸರ ಹೇಳ್ರಿ. ಆ ಮಾರಿ ಒಮ್ಮೆ ನೋಡಬೇಕಂತ ಹತ್ತೊಂಬತ್ತ ವರ್ಷ ಕಾದೇನಿ.”

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಆ ಹುಡುಗಿಯ ಕಣ್ಣು ಇನ್ನೂ ಒದ್ದೆಯಾಗಿತ್ತು. ಹಾಲಸಿದ್ದ ಡಬ್ಬಿ ಇಸಿದುಕೊಂಡು ಬಾಯಿ ತುಂಬ ಜರ್ದಾ ಹಾಕಿದ, ಅಗಿದ, ಗೋಡೆಯ ಎದುರು ಮೂರು ಹೆಜ್ಜೆ ಹಿಂದೆ ಸರಿದು ನಿಂತು ಉಗುಳಿದ. ರೊಟ್ಟಿಯಗಲ. ಒಂದು ಕೂದಲೆಳೆ ಆಚೀಚೆ ಆಗಲಿಲ್ಲ.

ಬಕೆಟ್ಟು ನೆಲಕ್ಕೆ ಬಿತ್ತು. “ನಿಮ್ಮ ಬಾಯಾಗ ಮಣ್ಣ ಬೀಳ್ಲಿ, ನಿಮ್ಮ ಹೇಂತಿ ಏನ್ ಕರ್ಮಾ...” ಎಂದು ರೂಢಿಯಂತೆ ಶುರುಮಾಡಿದ ಸಾವಿತ್ರೆವ್ವ, ಆ ಹೆಂಡತಿ ಯಾರೆಂಬುದು ನೆನಪಾಗಿ ಬೈಗುಳದ ದಾರಿ ಬದಲಿಸಿದಳು. ನೋಡಲು ಬಂದಿದ್ದ ನಿರ್ದೇಶಕರು ಚಪ್ಪಲಿ ಸದ್ದಾಗದಂತೆ ಒಳಗೆ ಹೋದರು.

ಅಷ್ಟಾದರೂ ಹೂ ಅರಳಲಿಲ್ಲ. ನೀಲಮ ಫೋಟೊ ದೊಡ್ಡದು ಮಾಡಿದಳು. “ಇನ್ನೊಂದ ಉಳದೈತ್ರಿ. ಈ ನಡುವಿನ ಕಲೆ ಮ್ಯಾಲ ಯಾರೋ ಕಾಚು ಒರಸ್ಯಾರ. ನಾಲ್ಕ ಬೆರಳ ಕಾಣ್ತಾವ.”

ಹಾಲಸಿದ್ದ ಬಗ್ಗಿ ನೋಡಿದ. ತನ್ನ ಕಲೆಯನ್ನು ನೆಟ್ಟಗೆ ನೋಡಲು ಒಂದು ದಿನವೂ ಧೈರ್ಯವಾಗಿರಲಿಲ್ಲ. ಹಾಗಾಗಿ ಇದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಸಣ್ಣ ಬೆರಳುಗಳು. ಕಿರುಬೆರಳು ಹೊರಕ್ಕೆ ಸೊಟ್ಟ. ಆ ಸೊಟ್ಟ ಬೆರಳು ದಿನಾ ಅವನ ತಾಟಿಗೆ ರೊಟ್ಟಿ ಹಾಕುತ್ತಿತ್ತು. ಅವನು ತಲೆಯೆತ್ತಿ ಹೆಂಡತಿಯನ್ನು ನೋಡಿದ. ಬೈಗುಳ ನಿಂತಿತು.

“ತಿಕ್ಕಿ ತಿಕ್ಕಿ ಸಾಕಾಗಿತ್ರಿ,” ಎಂದಳು ಸಾವಿತ್ರೆವ್ವ, ಸೀರೆಯ ಸೆರಗು ನೋಡುತ್ತ. “ಹೆಂಗೂ ಹೊಲಸ ಐತಿ, ನಂದೂ ಒಂದ ಇರ್ಲಿ ಅಂತ ಒರಸಿದ್ನಿ.”

ಸೊಂಟದ ಎಲೆಯಡಿಕೆ ಚೀಲದಿಂದ ಕಾಚು ತೆಗೆದು, ತೇಯ್ದು, ಗಂಡನ ಕಲೆಯ ಮೇಲೆ ನಾಲ್ಕು ಬೆರಳು ಎಳೆದಳು. ಹತ್ತು ಮೊಬೈಲಿನಲ್ಲಿ ಮುತ್ತುಗ ಕೆಂಪಗೆ ತುಂಬಿಕೊಂಡಿತು. ಹುಡುಗರು ಎರಡೂ ಭಾಷೆಯಲ್ಲಿ ಕೂಗಿದರು, ಗೇಟಿನಲ್ಲಿ ದೊಡ್ಡವರ ಕಾರು ಬಂತು. ಈ ಇಬ್ಬರು ಮಾತ್ರ ಗೋಡೆಯ ಬುಡದಲ್ಲಿ ಹಾಗೇ ನಿಂತಿದ್ದರು.

“ನೀವೂ ಒಂದ ಸಲ ಬೈದ ಬಿಡ್ರಿ,” ಎಂದಳು ಸಾವಿತ್ರೆವ್ವ.

ಹಾಲಸಿದ್ದ ಬಿದ್ದ ಬಕೆಟ್ಟು ಎತ್ತಿ ಅವಳ ಕೈಗೆ ಕೊಟ್ಟ. “ಏನಂತ ಬೈಲಿ? ಒಂದೂ ಉಳಿಸಿಲ್ಲಲಾ ನೀನು.”