ಬೆಕ್ಕಿಗೆ ಹಾಸಿದ ಹಸಿರು ಕುಬಸ

ಅರವತ್ತರ ದಶಕದಲ್ಲಿ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಸೊಸೆಯಾಗಿ ಬಂದಾಗ ತವರಿನಿಂದ ಒಂದು ಬೆಕ್ಕಿನ ಮರಿಯನ್ನೂ ತಂದಿದ್ದೆ. ಅತ್ತೆ ನನಗಿಂತ ಮೊದಲು ಬೆಕ್ಕನ್ನು ಒಪ್ಪಿಕೊಂಡರು, ಒಂದು ಷರತ್ತಿನ ಮೇಲೆ. ಲಿಂಗಪೂಜೆಯ ಮನೆಯಲ್ಲಿ ಬೆಕ್ಕಾದರೇನು, ಇಲಿ ಮುಟ್ಟುವಂತಿಲ್ಲ. ಹೊರಗೆ ಬಿಟ್ಟರೆ ಕೆಡುತ್ತದೆಂದು ಹಿತ್ತಲ ಬಾಗಿಲಿಗೆ ಚಿಲಕ ಬಿತ್ತು. ಅದರ ದೇಹಬಾಧೆಗೆ ಹಳೆಯ ಬುಟ್ಟಿಯೊಂದರಲ್ಲಿ ಕೆಮ್ಮಣ್ಣು ಸುರಿದಿಟ್ಟೆವು. ಊಟಕ್ಕೆ ತಂಗಳ ರೊಟ್ಟಿ, ಮಜ್ಜಿಗೆ. ಅಂದರೆ ನನ್ನ ಊಟವೇ. ಬೆಕ್ಕು ನನಗಿಂತ ಮೊದಲು ಉಣ್ಣುತ್ತಿತ್ತು, ಅಷ್ಟೇ ವ್ಯತ್ಯಾಸ.

ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ಮಗನಿಗೆ ಹುಲಸೂರಿನಲ್ಲಿ ಇನ್ನೊಂದು ಹೆಣ್ಣು ನೋಡಿ ಬರುತ್ತೇನೆಂದು ಅತ್ತೆ ನನ್ನೆದುರೇ ಹೇಳತೊಡಗಿದ್ದರು. ನನ್ನ ಗಂಡನೆಂಬ ಮಹಾಶಯರು ಅದನ್ನು ಕೇಳಿ ತಣ್ಣಗೆ ಅಂಗಡಿಗೆ ಹೋಗುತ್ತಿದ್ದರು. ಅಂಥ ಹೊತ್ತಿನಲ್ಲೇ ಬೆಕ್ಕು ತನ್ನ ಬುಟ್ಟಿಯ ಮಣ್ಣು ತಿನ್ನಲು ಶುರುಮಾಡಿತು. ಮಣ್ಣು ತೆಗೆದು ಬೂದಿ ಹಾಕಿದೆ. ಬೂದಿಯನ್ನೂ ನೆಕ್ಕಿತು.

ಅತ್ತೆ ಮಾತ್ರ ಹಿಗ್ಗಿ ಹೀರೇಕಾಯಿಯಾದರು.

"ಬಯಕಿ ಅದ! ನಾ ಬಸರಿದ್ದಾಗ ಗ್ವಾಡಿ ಮಣ್ಣು ಕೆರಕೊಂಡ್ ತಿಂದೀನಿ. ಬೆಕ್ಕ ಬಸರ ಆಗ್ಯಾದ."

"ಅತ್ತಿ, ಅದು ಗಂಡ ಬೆಕ್ಕ ಅದರಿ."

"ಒಮ್ಮಿನೂ ಹಡೀಲಾರದಾಕಿ, ನಿನಗೇನ್ ತಿಳೀತದ? ಸುಮ್ಕಿರು."

ತಿಳಿಯಲು ಹಡೆಯಬೇಕಾಗಿರಲಿಲ್ಲ, ಬಾಲ ಎತ್ತಿ ನೋಡಿದರೆ ಸಾಕಿತ್ತು. ಬಸುರಿಗೆ ಹಸಿರು ಕುಬಸ ತೊಡಿಸುವುದು ನಮ್ಮ ಕಡೆಯ ಪದ್ಧತಿ. ಅತ್ತೆ ಪೆಟ್ಟಿಗೆಯಿಂದ ಕುಬಸದ ಹಸಿರು ಬಟ್ಟೆ ತೆಗೆದು ಬೆಕ್ಕಿಗೆ ಹಾಸಿದರು. ನನಗೆಂದು ಮದುವೆಯ ವರ್ಷ ತಂದಿಟ್ಟ ಬಟ್ಟೆ ಅದು. ಹೋಳಿಗೆ ಬಂತು, ಸಜ್ಜಕ ಬಂತು. ಗಂಡುಬೆಕ್ಕು ಮೂಸಿ ನೋಡಿ ಮತ್ತೆ ಬುಟ್ಟಿಗೇ ಬಾಯಿ ಹಾಕಿತು. ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ನನಗೆ!

ಬೆಕ್ಕು ಏಳಲಾರದೆ ಮಲಗಿದ ದಿನ ನಾವು ಚಿಕ್ಕಮ್ಮನೆಂಬಂತೆ ಖಾಲಾ ಎನ್ನುತ್ತಿದ್ದ ಪಕ್ಕದ ಮನೆಯವರು ಬಂದರು. ಆಡು ಸಾಕಿದ ಹೆಂಗಸು. ಬೆಕ್ಕನ್ನೆತ್ತಿ ಬಾಲ ಸರಿಸಿದರು, ತುಟಿ ಬಿಡಿಸಿ ಒಸಡು ನೋಡಿದರು.

"ಯಾ ಅಲ್ಲಾ! ಅವ್ವಾರ, ಇದು ಗಂಡ ಅದರಿ. ಬಸರಲ್ಲ, ಮೈಯಾಗ ರಕ್ತನೇ ಇಲ್ಲ. ವಸಡ ನೋಡ್ರಿ, ಸುಣ್ಣ ಬಳದಂಗ ಅದ. ಅದಕ್ಕೇ ಮಣ್ಣ ತಿನ್ನಾಕತ್ತದ. ಬಾಗಲಾ ತೆಗೀರಿ, ಇಲಿನರ ಹಿಡದು ತಿನ್ಲಿ."

ಖಾಲಾ ಅಷ್ಟಕ್ಕೆ ಬಿಡುವವರಲ್ಲ. ನನ್ನ ಗದ್ದ ಹಿಡಿದು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು.

"ನೀ ಭೀ ಮಣ್ಣ ತಿಂತಿ ಏನವ್ವಾ?"

ಅಡುಗೆಮನೆಯ ಗೋಡೆ ಕೆರೆದು ಕದ್ದು ತಿನ್ನುತ್ತಿದ್ದೆ. ಅತ್ತೆ ಕಂಡರೆ ಬಸುರೆಂದು ಊರಿಗೆಲ್ಲ ಸಾರಿಯಾರು ಎಂಬ ಭಯ. ತಲೆ ತಗ್ಗಿಸಿ ಹ್ಞೂಂ ಅಂದೆ.

"ಅವ್ವಾರ, ಇಬ್ಬರದೂ ಒಂದೇ ಬ್ಯಾನಿ. ಹುಲಸೂರಿಗಿ ಆಮ್ಯಾಲ ಹೋಗ್ರಿ. ಮೊದಲ ಇಕಿಗಿ ಹೊಟ್ಟಿ ತುಂಬ ಉಣ್ಣಾಕ ಹಾಕ್ರಿ."

ಅತ್ತೆ ಎದ್ದು ಚಿಲಕ ತೆಗೆದರು. ಬೆಕ್ಕು ತೂರಾಡುತ್ತ ಹೊರಗೆ ಹೋಯಿತು. ಮುಂದೆ ಇಲಿ ತಿಂದು ಮೈ ತುಂಬಿಕೊಂಡ ಮೇಲೆ ಮಣ್ಣಿನ ಗೋಜಿಗೆ ಹೋಗಲಿಲ್ಲ. ಆದರೆ ಆ ಮಧ್ಯಾಹ್ನವೇ ಅತ್ತೆ ಹಸಿರು ಬಟ್ಟೆಯನ್ನು ಜಾಡಿಸಿ, ಮಡಿಚಿ, ಪೆಟ್ಟಿಗೆಯಲ್ಲಿಟ್ಟರು. ತಾವು ಉಣ್ಣಲು ಕೂರುವ ಮೊದಲು ನನ್ನ ತಾಟಿಗೆ ಬಿಸಿ ರೊಟ್ಟಿ, ಮೆಂತ್ಯದ ಪಲ್ಲೆ, ಬೆಲ್ಲ ಹಾಕಿ "ಉಣ್ಣು" ಅಂದರು. ಮುಖ ಮಾತ್ರ ಆ ಕಡೆ ಇತ್ತು. ನನಗೆ ಅಳು ತಡೆಯಲಾಗಲಿಲ್ಲ. ಬೆಕ್ಕು ಹೆಣ್ಣಾಗಿದ್ದಿದ್ದರೆ ಮಣ್ಣು ತಿಂದದ್ದು ಬಯಕೆಯೆಂದೇ ಉಳಿಯುತ್ತಿತ್ತು, ಆ ರೊಟ್ಟಿ ನನಗೆ ಸಿಗುತ್ತಿರಲಿಲ್ಲ.